ಪೇಸ್ಟಿನ ಮುಚ್ಚಳ

ವಾರದ ರಜೆ. ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ
ಮುಕ್ರಂ ಪಾಷಾನ ಗುಜರಿಗೆ
ತಳ ಹೋದ ಕುಕ್ಕರ್ ಹಾಕಲು ಹೋಗಿದ್ದೆ.
ತಕ್ಕಡಿಯ ಬುಡದಲ್ಲಿ
ಫ್ಯಾನಿನ ರೆಕ್ಕೆ, ಸ್ಕೂಟರಿನ ಕಿಕ್ಕರ್ ನಡುವೆ
ಅರ್ಧ ಇಟ್ಟಿಗೆಯಷ್ಟು ಒಂದು ಕಬ್ಬಿಣದ ಡಬ್ಬಿ.
ಸಾಸಿವೆ ಬಣ್ಣ, ಅಲ್ಲಲ್ಲಿ ಸುಲಿದಿದೆ.
ಮೂರು ತಿರುಪು. ಎರಡಕ್ಕೆ ಅದರದೇ ತಲೆ,
ಮೂರನೆಯದಕ್ಕೆ ಟೂತ್‌ಪೇಸ್ಟಿನ ಕೆಂಪು ಮುಚ್ಚಳ.

‘ಇದೇನು ಪಾಷಾ?’
‘ಹೊಲಿಗೆ ಮಿಷಿನ್ನಿಂದು ಇರಬೇಕಕ್ಕ, ಕಾಲಲ್ಲಿ ಒತ್ತೋದು.
ಕಬ್ಬಿಣದ ತೂಕ. ನಿಮಗಾದ್ರೆ ನಲವತ್ತು.’

ಕಾಲಲ್ಲಿ ಒತ್ತೋದೇ. ಹೊಲಿಯೋದಕ್ಕಲ್ಲ,
ಹರಿಯೋದಕ್ಕೆ.

ನವಿಲುಗರಿ ಮೆಲೋಡೀಸ್‌ನಲ್ಲಿ ನಾನು ಮುಂದೆ,
ಮೈಕಿನ ಹತ್ತಿರ, ಜರಿಯಂಚಿನ ಬಾಡಿಗೆ ಸೀರೆ.
ಸಿಪ್ರಿಯನ್ ಹಿಂದೆ, ಡ್ರಮ್ಮಿನ ಮಗ್ಗುಲಲ್ಲಿ,
ಗಿಟಾರಿಗಿಂತ ತೆಳ್ಳಗಿದ್ದ.
ಒಳ್ಳೆಯ ಪೆಡಲ್ಲಿಗೆ ಅವನ ಹನ್ನೆರಡು ಮದುವೆಯ ದುಡ್ಡು ಬೇಕಿತ್ತು.
ಮಂಗಳೂರಿನ ಯಾವುದೋ ಅಂಗಡಿಯಲ್ಲಿ
ಮುನ್ನೂರಕ್ಕೆ ಇದನ್ನು ತಂದ,
ಆಗಲೇ ಯಾರೋ ಬಿಟ್ಟದ್ದು.
ಮೊದಲ ಸಲ ಒತ್ತಿದ್ದು ಸಾಲಗಾಮೆ ರಸ್ತೆಯ ಒಂದು ಆರತಕ್ಷತೆಯಲ್ಲಿ.
ಸೌಂಡಿನ ಹುಡುಗ ಪಾಯಸದ ಲೋಟ ಬಿಟ್ಟು ಓಡಿದ,
‘ಅಣ್ಣಾ, ಸ್ಪೀಕರ್ ಹರೀತು!’
ಗಂಡಿನ ಕಡೆಯ ಹಿರಿಯರೊಬ್ಬರು
ಮಿಕ್ಸಿ ನಿಲ್ಲಿಸ್ರೋ ಎಂದು ಅಡುಗೆಮನೆಗೆ ಹೇಳಿ ಕಳಿಸಿದರು.

ನಾನೂ ಬಿಡಲಿಲ್ಲ.
ಕರಪತ್ರದಲ್ಲಿ ನನ್ನ ಹೆಸರಿನ ಕೆಳಗೆ
‘ಹಾಸನದ ಕೋಗಿಲೆ’ ಎಂದು ಅಚ್ಚಾಗಿತ್ತಲ್ಲ,
ತಲೆ ನಿಲ್ಲುತ್ತಿರಲಿಲ್ಲ.
ನಿನ್ನ ಗೊಗ್ಗರು ಡಬ್ಬಿ ನನ್ನ ದನಿ ತಿನ್ನುತ್ತೆ,
ಅದಿದ್ದರೆ ನಾನಿಲ್ಲ.
ಅವನು ವಾದಿಸಲಿಲ್ಲ.
ನಾನು ಹಾಡಲು ನಿಂತಾಗೆಲ್ಲ ಬಗ್ಗಿ
ಆ ಕೆಂಪು ಮುಚ್ಚಳವನ್ನು ಎಡಕ್ಕೆ,
ಪೂರ್ತಿ ಎಡಕ್ಕೆ, ತಿರುಗಿಸುತ್ತಿದ್ದ.

ಆಮೇಲೆ ನನಗೆ ನೌಕರಿಯಾಯಿತು.
ಇಪ್ಪತ್ತೆರಡು ವರ್ಷ
ಹಗರೆ ಹಗರೆ ಹಗರೆ, ಬೇಲೂರು,
ಯಾರ್ರೀ ಟಿಕೆಟ್, ಮುಂದೆ ಹೋಗಿ, ಇನ್ನೂ ಮುಂದೆ,
ಚಿಲ್ಲರೆ ಕೊಡಿ, ಹೋಲ್ಡಾನ್,
ರೈಟ್.
ದೊಡ್ಡಾಸ್ಪತ್ರೆಯ ಡಾಕ್ಟರು ಗಂಟಲಿಗೆ ಕನ್ನಡಿ ಇಳಿಸಿ
ಎರಡು ಜೋಳದ ಕಾಳಿನಷ್ಟು ಗಂಟು ಇದೆ ಎಂದರು.
ಮಾತು ಕಡಿಮೆ ಮಾಡಿ ಎಂದರು,
ಕಂಡಕ್ಟರಿಗೆ.
ಈಗ ಫೋನೆತ್ತಿದರೆ ಸರ್ ಅನ್ನುತ್ತಾರೆ.
ನಾನೂ ಹೂಂ ಹೇಳಿ ಅನ್ನುತ್ತೇನೆ.

ನಲವತ್ತು ಕೊಟ್ಟೆ. ಕುಕ್ಕರಿನ ದುಡ್ಡಲ್ಲಿ ಮುರಿದುಕೊಂಡ.
ಇದು ಅವನದೇನಾ? ಇರಲಾರದು.
ಊರಲ್ಲಿ ಪೇಸ್ಟು ತಿಕ್ಕುವವನು ಅವನೊಬ್ಬನೇ ಅಲ್ಲ.
ಆದರೆ ಮುಚ್ಚಳ
ಎಡಕ್ಕೇ ಇತ್ತು.

ತಂಗಿಯ ಮಗಳು ಸಿಂಚನ ಬೆನ್ನು ಬಿಚ್ಚಿದಳು.
ಬ್ಯಾಟರಿ ಎಂದೋ ಒಡೆದು
ತಾಮ್ರದ ಮೇಲೆಲ್ಲ ಹಸಿರು ಕಿಲುಬು.
ನಿಂಬೆಹಣ್ಣು, ಹಳೇ ಬ್ರಷ್ಷು,
ಬೀದಿ ಕೊನೆಯ ಟೀವಿ ರಿಪೇರಿಯವನಿಂದ ಎರಡು ಬೆಸುಗೆ.
‘ದೊಡ್ಡಮ್ಮ, ಇಂಥವಕ್ಕೆ ಈಗ ಜನ ಹುಡುಕಾಡ್ತಾರೆ ಗೊತ್ತಾ?
ಹೊಸತರಲ್ಲಿ ಈ ಗಂಟಲೇ ಬರಲ್ಲವಂತೆ.’
ಗಂಟಲು ಅಂದಳು. ನಾನು ಸೊಪ್ಪು ಸೋಸುತ್ತಿದ್ದೆ.

ಅವಳ ಗಿಟಾರು ಸಿಕ್ಕಿಸಿದಳು. ಕಾಲಿಟ್ಟಳು.
ತಗಡಿನ ಮೇಲೆ ಕಬ್ಬಿನ ಲಾರಿ ಹತ್ತಿದ ಹಾಗೆ,
ಅದರ ಒಳಗೆ, ಬಹಳ ಒಳಗೆ
ಯಾರೋ ರಾಗವಾಗಿ ನರಳಿದ ಹಾಗೆ.
ಸೊಪ್ಪಿನ ಮೊರ ಮಡಿಲಲ್ಲೇ ಇತ್ತು.
ನಾನು ಅದನ್ನು ದಿನಾ ಕೇಳುತ್ತೇನೆ,
ಬೆಳಗಿನ ಐದೂಮುಕ್ಕಾಲಿನ ಗಾಡಿಯಲ್ಲಿ,
ಬಾಯಿ ತೆರೆದ ಕೂಡಲೇ.

‘ಗಿಟಾರು ತೆಗಿ. ಆ ಕರೋಕೆ ಮೈಕು ಕೊಡು.’
‘ಮೈಕಿಗಲ್ಲ ದೊಡ್ಡಮ್ಮ ಇದು.’
‘ಕೊಡೇ.’

ಹಳೆಯ ಹಾಡುಗಳೆಲ್ಲ ಗಂಟಲ ತನಕ ಬಂದವು,
ಒಂದೂ ಹೊರಗೆ ಬರಲಿಲ್ಲ.
ಬಗ್ಗಿದೆ. ಮಂಡಿ ಲಟಕ್ ಅಂತು.
ಕೆಂಪು ಮುಚ್ಚಳವನ್ನು ಬಲಕ್ಕೆ,
ಪೂರ್ತಿ ಬಲಕ್ಕೆ ತಿರುಗಿಸಿ
ಹಗರೆ
ಅಂದೆ.

ಕಿಟಕಿ ಗಾಜು ಗದಗುಟ್ಟಿತು.
ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಕಾಂಪೌಂಡಿನ ಮೇಲಿಂದ,
‘ಏನ್ ಕೆಟ್ಟೋಯ್ತು ಇಂದ್ರಮ್ಮಾ?’