ಸುಣ್ಣದ ತಿಳಿ

ಲಷ್ಕರ್ ಮೊಹಲ್ಲಾದ ನಮ್ಮ ಹೈಸ್ಕೂಲಿನ ಲ್ಯಾಬಿಗೆ
ಸುಣ್ಣ ತರುವವಳು ನಾನು, ಅಟೆಂಡರು.
ದೇವರಾಜ ಮಾರ್ಕೆಟ್ಟಿನ ವೀಳ್ಯದೆಲೆ ಸಾಲಿನ ಪಕ್ಕ
ಅವ್ವ ಕೂರುತ್ತಿದ್ದ ಜಾಗದಿಂದ. ಈಗ ಅಲ್ಲಿ ಚಿಕ್ಕವ್ವ.
ಪೊಟ್ಟಣಕ್ಕೆ ಐದು ರೂಪಾಯಿ. ರಸೀದಿ ಇಲ್ಲ,
ಹೆಡ್‌ಮಾಸ್ಟರು ಪ್ರತಿ ಸಲ ಕೇಳುತ್ತಾರೆ.

ರಾತ್ರಿ ನೀರಿಗೆ ಹಾಕಿಟ್ಟರೆ ಬೆಳಗ್ಗೆ ಮೇಲೆ ತಿಳಿ.
ಮೆಲ್ಲಗೆ ಬಗ್ಗಿಸಬೇಕು ಗ್ಲಾಸಿಗೆ.
ಮಕ್ಕಳ ಕೈಗೊಂದು ಎಳನೀರಿನ ಸ್ಟ್ರಾ.
'ಊದಿ' ಅನ್ನುತ್ತಾರೆ ತಸ್ಲೀಮಾ ಮೇಡಂ.
ಊದಿದರೆ ಹಾಲು.
ಇಪ್ಪತ್ತೆರಡು ವರ್ಷ ನೋಡಿದ್ದೇನೆ ಈ ಹಾಲನ್ನು;
ಬೆಲ್ಲು ಹೊಡೆಯುತ್ತದೆ, ಗ್ಲಾಸು ತೊಳೆಯುತ್ತೇನೆ.

ಆವತ್ತು ಬ್ಯಾಂಡಿನ ಚೌರಪ್ಪನ ಮೊಮ್ಮಗ
ನಿಲ್ಲಿಸಲೇ ಇಲ್ಲ.
ಕ್ಲಾರಿನೆಟ್ಟಿನ ಮನೆತನ, ದಮ್ಮು ಹೆಚ್ಚು.
ಸಾಕು ಕಣೋ ಅಂದರೂ ಊದಿದ, ಊದಿದ,
ಹಾಲು ತೆಳ್ಳಗಾಯಿತು, ನೀರು ಮಜ್ಜಿಗೆಯಾಯಿತು,
ಆಮೇಲೆ ಅದೂ ಇಲ್ಲ.
ಗ್ಲಾಸಿನಾಚೆ ಅವನ ಅಂಗಿಯ ಗುಂಡಿ ಕಂಡಿತು.

'ಎಲ್ಲಿ ಹೋಯ್ತು ಮೇಡಂ?'
'ಹಾಲು ಮಾಡಿದ್ದು ನಿನ್ನ ಉಸಿರು. ತಿಂದದ್ದೂ ಅದೇ.'
ಸೀಮೆಸುಣ್ಣ ಕೆಳಗಿಟ್ಟು
ಪಾಠದಲ್ಲಿ ಇಲ್ಲದ್ದನ್ನು ಹೇಳಿದರು:
ಕಡಲಿಗೂ ಹೀಗೇ ಊದುತ್ತಿದ್ದೇವೆ,
ಒಲೆ, ಲಾರಿ, ಕಾರ್ಖಾನೆಯ ಉಸಿರು.
ಹುಳಿಯ ಕಡೆ ವಾಲುತ್ತಿದೆ ನೀರು,
ನಾಲಗೆಗೆ ತಿಳಿಯದಷ್ಟು.
ಚಿಪ್ಪಿನ ಮರಿಗೆ ತಿಳಿಯುತ್ತದೆ.
ತತ್ತಿಯಿಂದ ತಂದ ಬುತ್ತಿ ಮುಗಿಯುವುದರೊಳಗೆ
ಮೊದಲ ಗೋಡೆ ಏಳಬೇಕು, ಎರಡೇ ದಿನ;
ಗಾರೆ ಕಲಸುತ್ತದೆ, ಕರಗುತ್ತದೆ, ಮತ್ತೆ ಕಲಸುತ್ತದೆ.
ಬುತ್ತಿಯೆಲ್ಲ ಗಾರೆಗೇ ಖರ್ಚು.
ಲಕ್ಷದಲ್ಲಿ ಉಳಿಯುತ್ತಿದ್ದದ್ದೇ ನಾಲ್ಕು,
ಅದರಲ್ಲೂ ಕಡಿಮೆ. ಅವನ್ನು ನಂಬಿದ ಮೀನು
ಬೇರೆ ಕಡೆ ಹುಡುಕುತ್ತದೆ,
ಹುಡುಕುವಷ್ಟು ದಿನ.

ಅವ್ವ ಚಿಪ್ಪು ಕೊಳ್ಳುವಾಗ
ಒಂದಕ್ಕೊಂದು ಬಡಿದು ಕೇಳುತ್ತಿದ್ದಳು:
ಠಣ್ ಅಂದರೆ ಚೀಲ ಇಳಿಸು, ಪಚ್ ಅಂದರೆ ವಾಪಸ್ಸು.
ಕಡಲು ಕಂಡವಳಲ್ಲ. ಕುಕ್ಕರಹಳ್ಳಿ ಕೆರೆಯೇ
ಅವಳು ಕಂಡ ದೊಡ್ಡ ನೀರು.
ಸುಟ್ಟ ಚಿಪ್ಪಿಗೆ ನೀರು ಹೊಯ್ದರೆ ಬುಸ್ಸೆಂದು ಅರಳುತ್ತಿತ್ತು:
'ಸಮುದ್ರಕ್ಕೆ ಇನ್ನೂ ಸಿಟ್ಟು ಇಳಿದಿಲ್ಲ ಕಣೆ, ದೂರ ನಿಲ್ಲು.'
ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ
ಎಂದು ಬೈಯುತ್ತಿದ್ದಳು ಅಪ್ಪನನ್ನು.
ಆ ಸುಣ್ಣಕ್ಕೂ ಗತಿಯಿಲ್ಲದ್ದು
ಇರಬಹುದೆಂದು ಅವಳಿಗೆ ಹೊಳೆದಿರಲಿಕ್ಕಿಲ್ಲ.

ಶನಿವಾರ. ಉಳಿದ ಗ್ಲಾಸುಗಳನ್ನು ತೊಳೆದೆ,
ಹುಡುಗನದನ್ನು ಕಿಟಕಿಯಲ್ಲಿ ಬಿಟ್ಟೆ.
ಸೋಮವಾರ ನೀರಿನ ಅಂಚಿಗೆ ಒಂದು ಬಿಳಿ ಗೆರೆ,
ಉಗುರಿಗೆ ಸಿಕ್ಕುವಷ್ಟು. ತಾನಾಗಿಯೇ ಬಂದದ್ದು,
ಯಾರೂ ಊದದೆ ಬಿಟ್ಟ ಎರಡು ರಾತ್ರಿಯಲ್ಲಿ.

ಎಂಟನೇ ಬಿ ಸೆಕ್ಷನ್ನಿಗೆ
ಗ್ಲಾಸು ಒಂದು ಕಡಿಮೆ ಬಿತ್ತು.
ಒಡೆಯಿತು ಅಂದೆ.