ಪಾನಾದ ಮ್ಯಾಲ ನಿಂತಾಕಿ

ನಾ ಇದು ಕಲಿತದ್ದು ಸಿಟ್ಟಿನಿಂದರಿ, ಖರೇ ಹೇಳ್ತೀನಿ.
ಹುಮನಾಬಾದ್ ಬೇಸಿನ ಗ್ಯಾರೇಜಿನಾಂವ
ಬಾನೆಟ್ಟಿನೊಳಗ ತಲಿ ಹಾಕಿ ಅರ್ಧ ತಾಸು ಉಸಿರು ಬಿಟ್ಟು
"ಬಾಯಾರ, ಸೆಲ್ಫ್ ಹೋಗ್ಯಾದ" ಅಂದು
ಎರಡು ಸಾವಿರದ ನಾನೂರು ಎಣಿಸಿಕೊಂಡ.
ಹೋಗಿದ್ದೇನು?
ಬ್ಯಾಟರಿ ಮೂತಿಗೆ ಜ್ವಾಳದ ಹಿಟ್ಟಿನಂಗ ಬೆಳ್ಳಗ ಹಿಡಿದಿತ್ತು.
ಒಂದು ಗಿಂಡಿ ಬಿಸಿನೀರಿನ ಕೆಲಸ.

ಇದನ್ನ ಹೇಳಿದಾಕಿ
ಪಕ್ಕದ ಪಂಕ್ಚರ್ ಅಂಗಡಿಯ ರಹಮತ್‌ಬೀ,
ಎರಡು ತಿಂಗಳ ಮ್ಯಾಲ, ಹವಾ ಹೊಡಿತಾ,
ಎಲಿ ಅಡಿಕಿ ತುಂಬಿದ ಬಾಯಿಂದ, ಆಚೀಚೆ ನೋಡಿ.

ಅವತ್ತಿನಿಂದ ಐತವಾರಕ್ಕೊಮ್ಮೆ
ಅಕಿ ಅಂಗಡಿ ಮುಂದ, ಹಳೇ ಟೈರಿನ ಮ್ಯಾಲ ನಾ ಕುಂತೆ,
ಇಪ್ಪತ್ತಾರು ವರ್ಷ ಗಣಿತ ಕಲಿಸಿದಾಕಿ.

"ಇಂಜಿನ್ ಆರಲಿ, ಆಮ್ಯಾಲ ಆಯಿಲ್ ಕಡ್ಡಿ ಎಳಿ.
ಒರಸು. ಮತ್ತ ಇಳಿಸು. ಮತ್ತ ಎಳಿ.
ಮೊದಲ ಸಲ ಅದು ಸುಳ್ಳು ಹೇಳ್ತದ."

"ಹವಾ ಮುಂಜಾನೆ ನೋಡಬೇಕು, ಟೈರ್ ತಣ್ಣಗಿದ್ದಾಗ.
ನಮ್ಮ ಕಲಬುರಗಿ ಮಧ್ಯಾಹ್ನದಾಗ
ಟೈರೂ ಗಂಡಸರೂ ಸುಮ್ಮನ ಉಬ್ಬಿರ್ತಾವ."

ಬಿಸಿ ರೇಡಿಯೇಟರಿನ ಮುಚ್ಚಳದ ಬಗ್ಗೆ ಏನೂ ಹೇಳಲಿಲ್ಲ.
ಬಳಿ ಮ್ಯಾಲ ಸರಿಸಿ
ಮುಂಗೈಯ ಸುಟ್ಟ ಕಲಿ ತೋರಿಸಿದಳು.

"ಸ್ಟೆಪ್ನಿ ಮರೀಬ್ಯಾಡ.
ಡಿಕ್ಕಿಯೊಳಗ ಮಲಗಿದ್ದಕ್ಕೂ ಉಸಿರು ಬೇಕು."

ಮರೀಲಿಲ್ಲ, ಅದಕ್ಕ ಬದುಕಿದೆ.
ಶ್ರಾವಣದ ಒಂದು ಸಂಜಿ, ಸೇಡಂ ಸಾಲಿ ಬಿಟ್ಟು
ನಾಕು ಮಂದಿ ಟೀಚರ್‌ಗಳು, ಒಂದು ಹಳೇ ಆಲ್ಟೊ,
ಮಳಖೇಡ ದಾಟಿದ್ದೇ ತಡ, ಹಿಂದಿನ ಎಡಗಾಲಿ
ಕುಂಟೆತ್ತಿನಂಗ ಕುಸಿತು.

ತಬಸ್ಸುಮ್ ಗಂಡಗ ಫೋನ್ ಹಚ್ಚಿದಳು, ರೇಂಜ್ ಇಲ್ಲ.
ಕಸ್ತೂರಿಬಾಯಿ ಕೊಡಿ ಹಿಡಿದಳು, ಮಳಿ ಇಲ್ಲ.
ಸುಗಲಾಬಾಯಿ ಚುಡವಾ ಪೊಟ್ಟಣ ಬಿಚ್ಚಿದಳು.
ಸಿಮೆಂಟ್ ಲಾರಿಗಳು ನಮ್ಮ ಸೀರಿ ಹಾರಿಸಿ ಹೋದವು.

ಎರಿಮಣ್ಣಿನಾಗ ಜಾಕ್ ನಿಂದ್ರಲಿಲ್ಲ, ಒಳಗೊಳಗೇ ಮುಳುಗ್ತು.
ಯಾರದೋ ಹೊಲದ ಬದುವಿನಿಂದ
ಒಡಕು ಶಹಾಬಾದ್ ಫರ್ಸಿ ತಂದು ಕೆಳಗ ಇಟ್ಟೆ.
ಮುಂದಿನ ಗಾಲಿಗೆ ಕಲ್ಲು. ಹ್ಯಾಂಡ್‌ಬ್ರೇಕು.
ಗಾಡಿ ಎತ್ತೋಕಿಂತ ಮೊದಲು ನಟ್ಟು ಸಡಲಿಸಬೇಕು.
ಸಡಲ್ತಾವೇನು? ಅದೇ ಗ್ಯಾರೇಜಿನಾಂವ
ಮಿಷನ್ ಹಚ್ಚಿ ಬಿಗಿದ ನಟ್ಟು.

ಪಾನಾ ಅಡ್ಡ ಹಾಕಿದೆ. ಚಪ್ಪಲಿ ಬಿಟ್ಟೆ.
ಕಸ್ತೂರಿಬಾಯಿ ಹೆಗಲು ಹಿಡಿದು
ಪಾನಾದ ಮ್ಯಾಲ ಹತ್ತಿ ನಿಂತೆ.
ನೆಗೆಣ್ಣಿ ಮದುವಿ ಮನಿಯಾಗ ಆಡಿಕೊಂಡ,
ಟೇಲರ್ ಎರಡು ಸಲ ಅಳದ,
ಡಾಕ್ಟರು ಕೆಂಪು ಶಾಯಿಲೆ ಗೆರಿ ಹೊಡದ
ನನ್ನ ಎಂಬತ್ತೆರಡು ಕೆಜಿ.

ಕಿರ್ರ್.

ಅಷ್ಟು ಚಂದದ ಸಪ್ಪಳ ನಾ ಕೇಳಿಲ್ಲರಿ.

ಎರಡು. ಮೂರು.
ನಾಕನೇದಕ್ಕ ಸಣ್ಣಗ ಕುಣೀಬೇಕಾಯ್ತು,
ಸುಗಲಾಬಾಯಿ ಬಾಯಾಗ ಚುಡವಾ ಇಟ್ಟುಕೊಂಡೇ ನಕ್ಕಳು.

ಲಾರಿಯಾಂವ ಒಬ್ಬ ನಿಲ್ಲಿಸಿದ. "ಅಕ್ಕಾ, ನಾ ಮಾಡ್ಲೇನು?"
"ಬ್ಯಾಟರಿ ಹಿಡಿಯಪ್ಪ, ಕತ್ತಲಾಗ್ಲತ್ತದ" ಅಂದೆ.
ಹಿಡಿದ. ಒಳ್ಳೆಯಾಂವ, ಒಂದು ಮಾತೂ ಹೆಚ್ಚು ಆಡಲಿಲ್ಲ.

ಮರುದಿನ ರಹಮತ್‌ಬೀ
ಟೈರಿನಿಂದ ಎತ್ತಿನ ಲಾಳದ ಮಳಿ ಕಿತ್ತು ಅಂಗೈಯಾಗ ಇಟ್ಟಳು.
ನಾ ಎಲ್ಲಾ ಹೇಳಿದೆ, ಸ್ವಲ್ಪ ಹೆಚ್ಚೇ ಹೇಳಿದೆ.
ಅಕಿ ಪೂರಾ ಕೇಳಿ,
"ನಟ್ಟು ತಿರುಗಿ ಹ್ಯಾಂಗ ಬಿಗದಿ?"

ಗಾಳಿಯೊಳಗ ಬಟ್ಟಿಲೆ ಗೋಲ್ ಬರದು ತೋರಿಸಿದೆ:
ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು.

ಎಲಿ ಅಡಿಕಿ ಉಗುಳಿದಳು.
"ಎದುರು-ಬದುರು, ಟೀಚರ್‌ಬಾಯಿ. ಎಷ್ಟು ಸಲ ಹೇಳೀನಿ?"
ಪಾನಾ ನನ್ನ ಕಡೆ ಚಾಚಿ,
ಪಂಕ್ಚರಿನ ನೂರು ರೂಪಾಯಿ ತಗೊಂಡು,
ಬೀಡಿ ಹಚ್ಚಿ ಕುಂತಳು.

ನಾ ಸೀರಿ ಸೆರಗು ಸಿಗಿಸಿ
ನಾಕೂ ಬಿಚ್ಚಿ
ಮೊದಲಿಂದ ಸುರು ಮಾಡಿದೆ.