ಒಂದು ಳಿ

ಲಘುವಿನ ಗುರುತು ನಮ್ಮ ಪ್ರೆಸ್ಸಿನಲ್ಲಿ ಇರಲಿಲ್ಲ.
ಗುರುವಿಗೇನು, ಅಡ್ಡಗೆರೆ ಸಾಕು,
ಲಗ್ನಪತ್ರಿಕೆಗೆಂದು ತಂದದ್ದು ಡಬ್ಬಿ ತುಂಬ ಬಿದ್ದಿತ್ತು.
ದಾವಲಸಾಬ ಕಂಸದ ಮೊಳೆಯೊಂದನ್ನು ಹೆಕ್ಕಿ
ಅಂಗಾತ ಮಲಗಿಸಿ, ಅರದಿಂದ ಎರಡು ಸಲ ತಿಕ್ಕಿ
"ನೋಡವಾ, ಇದು ಲಘು" ಅಂದ.
"ಎಳೀಕೂಸು. ತೊಟ್ಟಿಲದಾಗ ಮಲಗೇತಿ."

ಆಗ ನನಗೆ ಹನ್ನೆರಡು. ಗದಗಿನ ಓಣಿಯೊಂದರಲ್ಲಿ
ಸಾಲಿ ಬಿಟ್ಟ ಮೇಲೆ ಫಾರ್ಮು ಮಡಿಚುವ ಕೆಲಸ,
ನೂರಕ್ಕೆ ನಾಲ್ಕಾಣೆ.
ಅಡಿವೆಪ್ಪ ಮಾಸ್ತರರ ಛಂದಸ್ಸಿನ ಕೈಪಿಡಿ ಅಚ್ಚಿನಲ್ಲಿತ್ತು.
ಸ್ವಂತ ಖರ್ಚು, ಐನೂರು ಪ್ರತಿ,
ಹೆಂಡತಿಯ ಬಿಲ್ವಾರ ಅಡ.

ಮಾತ್ರೆ ಅಂದರೆ ಗುಳಿಗೆ ಅಂತಲೇ ತಿಳಿದಿದ್ದೆ ನಾನು.
ಮಾಸ್ತರರು ಬಿಡಿಸಿ ಹೇಳಿದಷ್ಟೂ ಗಂಟು ಬಿಗಿಯಿತು.
ದಾವಲಸಾಬ ಹೇಳಿದ್ದು ಮಾತ್ರ ತಲೆಗೆ ಹೋಯಿತು:
"ಪ್ರಾಸ ಅಂದ್ರ ಕೇಸಿನ್ಯಾಗ ಒಂದ ಮನಿ ಲಗೂನ ಖಾಲಿ ಆಗೂದು.
ಸಾಲಿನ ಎರಡನೇ ಅಕ್ಷರ ನೋಡು,
ಕೈ ಮತ್ತ ಮತ್ತ ಅಲ್ಲೇ ಹೊಕ್ಕತೈತಿ.
ಳೆ, ಳಿ, ಳು, ಸ್ವರ ಬ್ಯಾರೆ ಇದ್ದಾವು.
ಮನಿತನ ಒಂದ."

ಭಾಮಿನಿಯ ಉದಾಹರಣೆಗೆ ಮಾಸ್ತರರು ತಾವೇ ಬರೆದಿದ್ದರು,
ಕಂಪೋಜಿಟರನ ಮೇಲೆಯೇ:

    ಮೊಳೆಯ ಮೊಳೆಯಲಿ ಮೌನ ತುಂಬಿರೆ
    ಬಳಿಗೆ ಸಾರಲು ಬೆರಳ ಬಿಸುಪದು
    ಸುಳಿದು ಸೊಲ್ಲೊಂದೆದ್ದು ಕುಳಿತಿತು ಸೀಸದೊಡಲೊಳಗೆ
    ಬೆಳಕು ಕಾಣದ ಕಿರಿಯ ಮನೆಯಲಿ
    ಕಳೆದ ಕಾಲದ ಕನಸ ಜೋಡಿಸಿ
    ಉ■ಯ ಹಿಡಿಯದೆ ಕಂಡರಿಸುವನು ನುಡಿಯ ಮೂರುತಿಯ

ಆರನೇ ಸಾಲಿಗೆ ಬರುವಾಗ ಳಿ ತೀರಿತ್ತು.
ಹಿಂದಿನ ಹದಿನಾರು ಪುಟ ಯಂತ್ರದ ಮೇಲೆ,
ಬಿಚ್ಚುವ ಹಾಗಿಲ್ಲ.
ಅದರ ಜಾಗದಲ್ಲಿ ಯಾವುದೋ ಮೊಳೆ ತಲೆಕೆಳಗಾಗಿ ನಿಂತು
ಕರಡಿನಲ್ಲಿ ಪಾದದ ಕಪ್ಪು ತೋರಿಸುತ್ತಿತ್ತು.

ದಾವಲಸಾಬ ಬೆರಳು ಮಡಿಚಿದ.
"ಕುಳಿತಿತು, ನಾಕು. ನಿಂತಿತು, ಇದೂ ನಾಕ.
ಸಾಲಿನ ನಡುವ ಐತಿ, ಪ್ರಾಸಕ್ಕೂ ಧಕ್ಕಿಲ್ಲ.
ಎದ್ದು ನಿಂತಿತು ಅನ್ರಿ ಮಾಸ್ತರ, ಒಂದು ಳಿ ಉಳೀತೈತಿ."
ಛಂದಸ್ಸು ಕಲಿಯದವನು. ನಾವಿಬ್ಬರೂ ಅವನ ಮುಖ ನೋಡಿದೆವು.

ಮಾಸ್ತರರು ಬಹಳ ಹೊತ್ತು ಕನ್ನಡಕ ಒರೆಸಿದರು.
"ಎದ್ದು ನಿಂದರೂದು ಎಲ್ಲಾರೂ ಮಾಡ್ತಾರ, ದಾವಲಸಾಬ.
ನಿದ್ದಿ ತಿಳಿದ ಕೂಸು ಹಾಸಿಗಿ ಮ್ಯಾಲ ಎದ್ದು ಕುಂದರತೈತಲ್ಲ,
ಯಾರನ್ನೂ ಕರಿಯಂಗಿಲ್ಲ, ಅಳಂಗಿಲ್ಲ...
ನನಗ ಅದು ಬೇಕು."

ದಾವಲಸಾಬ ಏನೂ ಅನ್ನಲಿಲ್ಲ.
ಬೀಡಿ ಹಚ್ಚಿ ಕಡ್ಡಿಪೆಟ್ಟಿಗೆ ಖಾಲಿ ಮಾಡಿ ನನ್ನ ಕೈಗಿಟ್ಟ.

ಬೆಟಗೇರಿಗೆ ನಡೆದೆ. ರೈಲಿನ ಗೇಟು ಹಾಕಿತ್ತು.
ಉಸಿರು ನಿಲ್ಲುವ ಜಾಗಕ್ಕೆ ಯತಿ ಅನ್ನುತ್ತಾರೆ,
ನಾನೇ ಮಡಿಚಿದ ಪುಟದಲ್ಲಿತ್ತು.
ಜೋಳದ ಚೀಲ ಹೇರಿದ ಸೈಕಲ್ಲು, ಎರಡು ಎಮ್ಮೆ,
ನೂಲಿನ ಗಂಟು ಹೊತ್ತ ಹೆಂಗಸು, ನಾನು,
ಎಲ್ಲರೂ ಯತಿಯಲ್ಲಿ ನಿಂತಿದ್ದೆವು.

"ಒಂದು ಳಿ ಬೇಕಾಗಿತ್ರಿ."
ಆ ಪ್ರೆಸ್ಸಿನ ರಾಚವ್ವ ನಕ್ಕಳು, ನಕ್ಕು ಕೆಮ್ಮಿದಳು,
ಆಮೇಲೆ ಉದ್ರಿ ವಹಿ ತೆಗೆದು ಬರೆದುಕೊಂಡಳು:
ಳಿ, ೧.

ಬೇರೆ ಕಡೆಯ ಎರಕ, ಕೂದಲಷ್ಟು ಎತ್ತರ.
ಪುಸ್ತಕದಲ್ಲಿ ಅದೊಂದೇ ಅಕ್ಷರ ಕಪ್ಪು ಹೆಚ್ಚು ಕುಡಿದಿದೆ.
ಕಾಗದದ ಬೆನ್ನು ಸವರಿದರೆ ಇವತ್ತಿಗೂ ಬೆರಳಿಗೆ ತಡೆಯುತ್ತದೆ.
ಮಾಸ್ತರರು ಕರಡಿನಲ್ಲಿ ಹಿಡಿಯಲಿಲ್ಲವೋ
ಹಿಡಿದೂ ಬಿಟ್ಟರೋ.

ಷಟ್ಪದಿಗೇ ಕೈಪಿಡಿ ಮುಗಿಯಿತು.
ಅಲಂಕಾರದ ಅಧ್ಯಾಯ ಬರೆದಿಟ್ಟಿದ್ದರು, ಅಚ್ಚಾಗಲಿಲ್ಲ.
ಬಿಲ್ವಾರದ ದುಡ್ಡು ಅಷ್ಟಕ್ಕೇ ಬಂತು.

ಮರಳಿಸಲು ಹೋದ ದಿನ ರಾಚವ್ವನ ಬಾಗಿಲಿಗೆ ಕೀಲಿ.
ಮತ್ತೆ ಹೋಗಬೇಕಿತ್ತು. ಹೋಗಲಿಲ್ಲ.

ಕಡ್ಡಿಪೆಟ್ಟಿಗೆ ನನ್ನ ಹತ್ತಿರ ಇದೆ.
ಒಳಗೆ ತಿರುವುಮುರುವಾದ ಳಿ,
ಕನ್ನಡಿ ಹಿಡಿದರೆ ಮಾತ್ರ ಓದಬಹುದು.
ಹ್ರಸ್ವ. ಒಂದು ಮಾತ್ರೆ. ಲಘು.
ಅಂಗೈಯಲ್ಲಿಟ್ಟುಕೊಂಡರೆ
ಸೀಸ, ಭಾರ ಆಗುತ್ತದೆ.